ಎಂಬತ್ತೇಳನೆಯ ವಿಡಿಯೊದ ಸದ್ದು

ಕುವೆಂಪುನಗರ, ಮೈಸೂರು
೨೭ ಜನವರಿ ೨೦೨೫

ಚಿರಂಜೀವಿ ಗಾರ್ಗಿಗೆ ಗಿರಿಜಾಂಬಾಳ ಆಶೀರ್ವಾದಗಳು.

ನಾನು ಯಾರೆಂದು ನಿನ್ನ ತಾಯಿ ಶಾರದ ಹೇಳಿರಬೇಕು. ಕಿವುಡ ಮಕ್ಕಳ ಶಾಲೆಯಲ್ಲಿ ನಾವಿಬ್ಬರೂ ಹದಿನಾರು ವರ್ಷ ಪಕ್ಕಪಕ್ಕದ ಕೋಣೆಗಳಲ್ಲಿ ಪಾಠ ಮಾಡಿದೆವು. ಅವಳಿಗೆ ಕಿವಿ ಕೇಳಿಸುತ್ತಿತ್ತು, ನನಗೆ ಇಲ್ಲ. ಆದರೂ ಮಕ್ಕಳ ಗಲಾಟೆ ಮೊದಲು ಗೊತ್ತಾಗುತ್ತಿದ್ದದ್ದು ನನಗೇ. ಆ ಸಲಿಗೆಯಿಂದ ನಿನ್ನನ್ನು ಏಕವಚನದಲ್ಲೇ ಕರೆಯುತ್ತೇನೆ. ಇ-ಮೇಲನ್ನೂ ಕಾಗದದ ಹಾಗೆ ಊರು, ತಾರೀಖು ಹಾಕಿ ಬರೆಯುವುದು ನನ್ನ ಅಭ್ಯಾಸ. ವಾಟ್ಸಾಪಿನಲ್ಲಿ ಜನ ನನಗೂ ಧ್ವನಿ ಸಂದೇಶ ಕಳಿಸುತ್ತಾರೆ, ಅದಕ್ಕೇ ಅದರ ಸಹವಾಸ ಬಿಟ್ಟಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಮೈಸೂರಿನ ಕಿವುಡರು ತಲೆಮಾರಿನಿಂದ ಬಳಸುವ ಸನ್ನೆಗಳನ್ನು ನಾನು ಒಂದೊಂದಾಗಿ ವಿಡಿಯೊ ಮಾಡಿಸುತ್ತಿದ್ದೇನೆ. ನಮ್ಮ ಹೂಟಗಳ್ಳಿಗೆ, ನಮ್ಮ ಅವರೆಕಾಳಿಗೆ ಇರುವ ಸನ್ನೆ ಅಚ್ಚಾದ ಪುಸ್ತಕಗಳಲ್ಲಿ ಸಿಗುವುದಿಲ್ಲ. ಒಟ್ಟು ಇನ್ನೂರ ಹನ್ನೆರಡು ಪದಗಳಾಗಿವೆ. ನನ್ನ ತಮ್ಮ ಶಿವಕುಮಾರನ ಮಗಳು ನಿಶ್ಚಿತಾ ತನ್ನ ಫೋನಿನಲ್ಲಿ ಚಿತ್ರ ತೆಗೆಯುತ್ತಾಳೆ. ನಾನು ಸನ್ನೆ ಮಾಡಿ ಮುಗಿಸಿದ ಮೇಲೆ ಆ ಪದವನ್ನು ಅವಳು ಬಾಯಿಬಿಟ್ಟು ಹೇಳುತ್ತಾಳೆ. ಅವಳು ಮಾತು ಕಲಿಯುವ ಮೊದಲೇ ನನ್ನ ಸನ್ನೆ ಕಲಿತವಳು. ಈ ಮನೆಯಲ್ಲಿ ನನ್ನ ಜೊತೆ ಪೂರ್ತಿ ಮಾತಾಡಬಲ್ಲವಳು ಅವಳೊಬ್ಬಳೇ.

ಮೊನ್ನೆ ವೆಬ್‌ಸೈಟಿಗೆ ಹಾಕಿ ಶಾಲೆಯ ಕಂಪ್ಯೂಟರಿನಲ್ಲಿ ನೋಡಿದೆವು. ಕರಿ ಪರದೆ. ಮೇಷ್ಟ್ರು ರುದ್ರಸ್ವಾಮಿ ಒಳಗಿಂದ ಧ್ವನಿ ಮಾತ್ರ ಬರುತ್ತಿದೆ ಎಂದು ಬರೆದು ತೋರಿಸಿದರು. ಕಿವುಡ ಮಕ್ಕಳಿಗೆ ಚಿತ್ರ ಬಚ್ಚಿಟ್ಟು ಸದ್ದು ಕೊಡುವ ಯಂತ್ರವನ್ನು ನಾನು ಇದೇ ಮೊದಲು ನೋಡಿದ್ದು. ಮಾರ್ಚ್ ಹತ್ತಕ್ಕೆ ಶಾಲೆಯಲ್ಲಿ ಬಿಡುಗಡೆ ಇದೆ. ನೀನು ಇಂಥದ್ದನ್ನೇ ರಿಪೇರಿ ಮಾಡುವವಳಂತೆ, ಮಾಡಿಕೊಡು.

ಗಿರಿಜಾಂಬಾ


ಕಾರವಾರ
೨೯ ಜನವರಿ ೨೦೨೫

ಪೂಜ್ಯ ಗಿರಿಜಾಂಬಾ ಮೇಡಂ ಅವರಿಗೆ ನಮಸ್ಕಾರಗಳು.

ನಿಮ್ಮ ವಿಡಿಯೊ ಕೆಟ್ಟಿಲ್ಲ. ವಿಡಿಯೊ ಫೈಲನ್ನು ಒಂದು ಡಬ್ಬಿ ಎಂದುಕೊಳ್ಳಿ. ಅದರೊಳಗೆ ಚಿತ್ರದ್ದೊಂದು ಗಂಟು, ಸದ್ದಿನದೊಂದು ಗಂಟು ಬೇರೆಬೇರೆಯಾಗಿ ಇರುತ್ತವೆ. ನಿಶ್ಚಿತಾ ಅವರ ಫೋನ್ ಹೊಸದು, ಜಾಗ ಉಳಿಸಲು ಚಿತ್ರವನ್ನು ಹೊಸ ವಿಧಾನದಲ್ಲಿ ಬಿಗಿಯಾಗಿ ಕಟ್ಟುತ್ತದೆ. ಶಾಲೆಯ ಹಳೆಯ ಕಂಪ್ಯೂಟರಿನ ಬ್ರೌಸರಿಗೆ ಆ ಗಂಟು ಬಿಚ್ಚಲು ಬರುವುದಿಲ್ಲ. ಸದ್ದಿನ ಗಂಟು ಹಳೆಯ ವಿಧಾನದ್ದೇ ಆದ್ದರಿಂದ ಅದು ಬಿಚ್ಚಿಕೊಂಡಿತು. ಹಾಗಾಗಿ ಧ್ವನಿ ಮಾತ್ರ ಬಂತು.

ಪ್ರತಿ ವಿಡಿಯೊವನ್ನೂ ಎರಡು ಬಗೆಯಲ್ಲಿ ಮತ್ತೆ ಕಟ್ಟುತ್ತೇನೆ. ಪುಟದಲ್ಲಿ ಎರಡನ್ನೂ ಒಂದರ ಕೆಳಗೊಂದು ಹೆಸರಿಸಿದರೆ, ಬ್ರೌಸರ್ ಮೇಲಿಂದ ನೋಡುತ್ತಾ ಬಂದು ತನಗೆ ಬರುವುದನ್ನು ಆರಿಸಿಕೊಳ್ಳುತ್ತದೆ. ಕೆಲವು ಫೋನುಗಳಲ್ಲಿ ವಿಡಿಯೊ ಒತ್ತಿದ ಕೂಡಲೇ ಪರದೆ ತುಂಬ ಹರಡಿಕೊಂಡು ಕೆಳಗಿನ ಬರಹ ಮುಚ್ಚಿಹೋಗುತ್ತದೆ. ಅದನ್ನೂ ಸರಿಪಡಿಸುತ್ತೇನೆ. ಮೂಲ ಫೈಲುಗಳನ್ನೆಲ್ಲ ಕಳಿಸಿ. ಎರಡು ವಾರ ಸಾಕು.

ಅಮ್ಮ ನಿಮ್ಮನ್ನು ಕೇಳಿದಳು. ನೀವು ಸೀಮೆಸುಣ್ಣ ಎಸೆದರೆ ಗುರಿ ತಪ್ಪುತ್ತಿರಲಿಲ್ಲವಂತೆ.

ಇತಿ,
ಗಾರ್ಗಿ


[ಕರಡು. ಕಳುಹಿಸಿಲ್ಲ.]
ಕಾರವಾರ
೪ ಫೆಬ್ರವರಿ ೨೦೨೫, ಬೆಳಿಗ್ಗೆ

ಮೇಡಂ,

ಎಂಬತ್ತೇಳನೆಯ ವಿಡಿಯೊ, ‘ಉಪ್ಪು’. ಅದನ್ನು ಹಳೆಯ ಬ್ರೌಸರಿನಲ್ಲಿ ಪರೀಕ್ಷೆಗೆ ಹಾಕಿದ್ದೆ. ಚಿತ್ರ ಬರಲಿಲ್ಲ, ಬರೀ ಸದ್ದು ಬಂತು. ಚಿತ್ರ ಇದ್ದಿದ್ದರೆ ನಿಮ್ಮ ಕೈಯನ್ನೇ ನೋಡುತ್ತಿದ್ದೆ, ಸದ್ದಿನ ಕಡೆ ಗಮನವೇ ಹೋಗುತ್ತಿರಲಿಲ್ಲ.

ಉಳಿದವುಗಳಲ್ಲಿ ಮಾತೆಂದರೆ ಕೊನೆಗೆ ನಿಶ್ಚಿತಾ ಪದ ಹೇಳುವುದಷ್ಟೇ ಇದೆ. ಇದರಲ್ಲಿ ಆಕೆ ಮತ್ತು ಆಕೆಯ ತಾಯಿ ಫೋನಿನ ಹಿಂದೆ ನಿಂತು ಮಾತಾಡುತ್ತಿದ್ದಾರೆ. ಏಳನೇ ತಾರೀಖು, ಅಂದರೆ ಈ ಶುಕ್ರವಾರ, ನಿಶ್ಚಿತಾಳನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದಾರೆ. ಆ ದಿನ ನೀವು ಮನೆಯಲ್ಲಿ ಇರಬಾರದು, ಕಿವುಡರು ಮನೆತನದಲ್ಲಿದ್ದಾರೆಂದು ಗೊತ್ತಾದರೆ ಸಂಬಂಧ ತಪ್ಪುತ್ತದೆ, ಅದಕ್ಕೆ ನಿಮ್ಮನ್ನು ಯಾವುದೋ ಪೂಜೆಯ ನೆಪ ಹೇಳಿ ಕಡಕೊಳಕ್ಕೆ ಕಳಿಸುವ ಮಾತು. ಹೇಳುತ್ತಿರುವುದು ತಾಯಿಯಲ್ಲ, ನಿಶ್ಚಿತಾ.

ಆಮೇಲೆ ಚಿತ್ರ ಸರಿಮಾಡಿ ನೋಡಿದೆ. ಅವರು ನಗುವಾಗ ನೀವೂ ಫೋನಿನ ಕಡೆ ನೋಡಿ ನಗುತ್ತೀರಿ.

ಶುಕ್ರವಾರಕ್ಕೆ ಮೂರು ದಿನ ಇದೆ. ಇದನ್ನು ನಿಮಗೆ ಹೇಳುವ


ಕಾರವಾರ
೪ ಫೆಬ್ರವರಿ ೨೦೨೫, ಸಂಜೆ

ಪೂಜ್ಯ ಮೇಡಂ ಅವರಿಗೆ ನಮಸ್ಕಾರಗಳು.

ನೂರ ಮೂವತ್ತು ವಿಡಿಯೊಗಳ ಕೆಲಸ ಮುಗಿಯಿತು. ಒಂದು ಸಲಹೆ ಇದೆ. ಸದ್ದಿರುವ ವಿಡಿಯೊಗಳನ್ನು ಬ್ರೌಸರುಗಳು ತಾವಾಗಿ ಓಡಿಸುವುದಿಲ್ಲ, ನೋಡುವವರು ಒತ್ತಲೇಬೇಕು. ಸದ್ದಿಲ್ಲದಿದ್ದರೆ ಪುಟ ತೆರೆದ ಕೂಡಲೇ ಓಡುತ್ತವೆ. ಫೈಲೂ ಸ್ವಲ್ಪ ಹಗುರಾಗುತ್ತದೆ. ಸನ್ನೆಯ ವಿಡಿಯೊಗಳಿಗೆ ಸದ್ದಿನ ಅಗತ್ಯವೂ ಇಲ್ಲವಲ್ಲ. ತಾವು ಒಪ್ಪಿದರೆ ಎಲ್ಲದರಿಂದಲೂ ಸದ್ದಿನ ಗಂಟನ್ನೇ ತೆಗೆದುಬಿಡುತ್ತೇನೆ.

ಇತಿ,
ಗಾರ್ಗಿ


ಕುವೆಂಪುನಗರ
೯ ಫೆಬ್ರವರಿ ೨೦೨೫

ಚಿ. ಗಾರ್ಗಿಗೆ ಆಶೀರ್ವಾದಗಳು.

ಒಪ್ಪುವುದಿಲ್ಲ. ಶಾರದಳ ಮಗಳು ಹೀಗೆ ಬರೆಯಬಹುದೆಂದು ನಾನು ಎಣಿಸಿರಲಿಲ್ಲ. ನಮ್ಮ ಶಾಲೆಯ ಅರ್ಧದಷ್ಟು ಮಕ್ಕಳಿಗೆ ಕಿವಿಗೆ ಯಂತ್ರ ಹಾಕಿಕೊಂಡರೆ ಸ್ವಲ್ಪವಾದರೂ ಕೇಳಿಸುತ್ತದೆ. ಮಕ್ಕಳ ಜೊತೆ ಕೂತು ನೋಡುವ ತಾಯಂದಿರಿಗೆ ಕಿವಿ ಇದೆ. ಸನ್ನೆಯೂ ಮಾತೂ ಒಟ್ಟಿಗೇ ಸಿಗಬೇಕೆಂದೇ ನಿಶ್ಚಿತಾಳಿಂದ ಹೇಳಿಸಿದ್ದು. ಅವಳ ಧ್ವನಿ ಹೇಗಿದೆಯೋ ನನಗೆ ಗೊತ್ತಿಲ್ಲ. ನಾನು ಹೋದ ಮೇಲೂ ನನ್ನ ಕೈ, ಅವಳ ಧ್ವನಿ ಒಂದೇ ಕಡೆ ಇರಲಿ ಎಂಬುದು ನನ್ನ ಆಸೆ. ಅದು ತಾನಾಗಿ ಓಡದಿದ್ದರೆ ಬೇಡ. ಒತ್ತಿ ನೋಡಲಿ, ಬೆರಳು ಸವೆಯುವುದಿಲ್ಲ.

ಇನ್ನೊಂದು ವಿಷಯ. ಚಿತ್ರದ ಕೆಳಗೆ ಅಕ್ಷರ ಬರುವಂತೆ ಮಾಡು. ಬರೀ ಪದವಲ್ಲ, ಅದರಲ್ಲಿ ಯಾವ ಸದ್ದಿದ್ದರೂ ಬರೆಯಬೇಕು. ಪ್ರೆಷರ್ ಕುಕ್ಕರ್ ಕೂಗಿದರೆ ಕುಕ್ಕರ್ ಕೂಗಿತು ಎಂದು ಬರೆ. ಇದು ಹಠವಲ್ಲ. ಊಟಕ್ಕೆ ಕೂತಾಗ ಎಲ್ಲರೂ ನಗುತ್ತಾರೆ, ಏನೆಂದು ಕೇಳಿದರೆ ‘ಏನಿಲ್ಲ ಬುಡಿ’ ಎಂದು ಕೈಯಾಡಿಸುತ್ತಾರೆ. ಆ ಕೈಯಾಡಿಸುವುದು ಎಲ್ಲ ಕಿವುಡರಿಗೂ ಗೊತ್ತಿರುವ ಸನ್ನೆ. ಕೇಳುವವರು ಯಾವುದು ಮುಖ್ಯ, ಯಾವುದು ಅಲ್ಲ ಎಂದು ನಮ್ಮ ಪರವಾಗಿ ತೀರ್ಮಾನಿಸಿ ಕೂರುತ್ತಾರೆ. ನನ್ನ ವೆಬ್‌ಸೈಟಿನಲ್ಲಿ ಅದು ನಡೆಯಕೂಡದು.

ಶುಕ್ರವಾರ ಕಡಕೊಳದಲ್ಲಿದ್ದೆ. ನನ್ನ ಚಿಕ್ಕಮ್ಮನ ಮಗಳು ಪುಟ್ಟಲಿಂಗಮ್ಮನ ಮನೆಯಲ್ಲಿ ಪೂಜೆಯೆಂದು ನಿಶ್ಚಿತಾ ಸ್ಕೂಟರಿನಲ್ಲಿ ಬಿಟ್ಟು ಬಂದಳು. ಹೋಗಿ ನೋಡಿದರೆ ಪೂಜೆ ಮುಂದಕ್ಕೆ ಹೋಗಿದೆಯಂತೆ. ಪುಟ್ಟಲಿಂಗಮ್ಮ ಪಾಪ, ಅದಕ್ಕೆ ತನ್ನದೇ ತಪ್ಪು ಎನ್ನುವ ಹಾಗೆ ದಿನವೆಲ್ಲ ಉಪಚಾರ ಮಾಡಿದಳು, ಒಬ್ಬಟ್ಟು ತಟ್ಟಿ ಹಾಕಿದಳು. ಸಂಜೆ ನಿಶ್ಚಿತಾ ಬಂದು ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ನನ್ನ ಕೈಯನ್ನು ಎಳೆದು ತನ್ನ ಸೊಂಟಕ್ಕೆ ಭದ್ರವಾಗಿ ಸುತ್ತಿಕೊಂಡಿದ್ದಳು. ಅಷ್ಟು ಅಕ್ಕರೆ ಆ ಹುಡುಗಿಗೆ.

ಗಿರಿಜಾಂಬಾ


ಕಾರವಾರ
೧೩ ಫೆಬ್ರವರಿ ೨೦೨೫

ಪೂಜ್ಯ ಮೇಡಂ ಅವರಿಗೆ ನಮಸ್ಕಾರಗಳು.

ಸದ್ದು ಉಳಿಸಿದ್ದೇನೆ. ಇನ್ನೂರ ಹನ್ನೊಂದು ವಿಡಿಯೊಗಳು ಸಿದ್ಧ. ನನ್ನಲ್ಲಿರುವ ನಾಲ್ಕು ಬ್ರೌಸರುಗಳಲ್ಲೂ ಎರಡು ಫೋನುಗಳಲ್ಲೂ ನೋಡಿದೆ, ಚಿತ್ರವೂ ಧ್ವನಿಯೂ ಬರುತ್ತಿವೆ. ಅಕ್ಷರಗಳನ್ನು ಬೇರೆ ಫೈಲಿನಲ್ಲಿ, ಯಾವ ಸೆಕೆಂಡಿಗೆ ಯಾವ ಮಾತು ಎಂದು ಬರೆದು ಜೋಡಿಸಿದ್ದೇನೆ. ಕುಕ್ಕರ್ ಮೂರು ಕಡೆ ಕೂಗಿದೆ, ಒಂದು ಕಡೆ ಸೊಪ್ಪಿನವಳು ಕೂಗಿದ್ದಾಳೆ. ಎಲ್ಲವನ್ನೂ ಬರೆದಿದ್ದೇನೆ.

ಎಂಬತ್ತೇಳನೆಯದು ಮಾತ್ರ ಅಲುಗಿದೆ. ಅದನ್ನು ಇನ್ನೊಮ್ಮೆ ಚಿತ್ರಿಸಿ ಕಳಿಸಿದರೆ ಉತ್ತಮ. ಹಳೆಯ ಫೈಲನ್ನು ಅಳಿಸಿಬಿಡಬಹುದು.

ಇತಿ,
ಗಾರ್ಗಿ


ಕುವೆಂಪುನಗರ
೧೮ ಫೆಬ್ರವರಿ ೨೦೨೫

ಚಿ. ಗಾರ್ಗಿಗೆ,

ಮೊದಲು ಸಂತೋಷದ ಸುದ್ದಿ. ನಿಶ್ಚಿತಾಗೆ ಸಂಬಂಧ ಕೂಡಿಬರುವ ಹಾಗಿದೆ. ಹುಡುಗ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ನಾನು ಕಡಕೊಳದಲ್ಲಿದ್ದ ಶುಕ್ರವಾರವೇ ಅವರು ದಿಢೀರನೆ ಬಂದು ನೋಡಿಕೊಂಡು ಹೋದರಂತೆ. ಮೊನ್ನೆ ನನಗೆ ಹೇಳಿದರು. ಮಾರ್ಚ್ ಎರಡು, ಭಾನುವಾರ, ಮಾತುಕತೆಗೆ ಮತ್ತೆ ಬರುತ್ತಾರೆ. ಮೊದಲ ದಿನವೇ ನೋಡಲಾಗಲಿಲ್ಲವಲ್ಲ ಎಂದು ಸ್ವಲ್ಪ ಬೇಜಾರಾಯಿತು.

ಇನ್ನು ಎಂಬತ್ತೇಳು. ಅದನ್ನು ನಾನು ಆರು ಸಲ ನೋಡಿದೆ. ಎಲ್ಲೂ ಅಲುಗಿಲ್ಲ. ಸನ್ನೆ ಸ್ವಚ್ಛವಾಗಿದೆ, ನನ್ನ ಮುಖದಲ್ಲಿ ನಗುವೂ ಇದೆ. ಇನ್ನೂರ ಹನ್ನೆರಡರಲ್ಲಿ ನಾನು ನೋಡುವ ಹಾಗಿರುವುದು ಅದೊಂದರಲ್ಲೇ.

ನನ್ನ ಹಳೆಯ ವಿದ್ಯಾರ್ಥಿ ವಿಜಯ್‌ಕುಮಾರ್ ಮದುವೆ ವಿಡಿಯೊ ಜೋಡಿಸುವ ಕೆಲಸ ಮಾಡುತ್ತಾನೆ. ಅವನೂ ಕಿವುಡನೇ. ಅವನ ಕಂಪ್ಯೂಟರಿನಲ್ಲಿ ಸದ್ದು ಗೆರೆಯಾಗಿ ಕಾಣುತ್ತದೆ, ಎಲ್ಲಿ ಸದ್ದಿದೆಯೋ ಅಲ್ಲಿ ಗೆರೆ ಏಳುತ್ತದೆ. ಬೇರೆ ಹೆಚ್ಚಿನ ವಿಡಿಯೊಗಳಲ್ಲಿ ಗೆರೆ ಕೊನೆಯಲ್ಲಿ ಒಂದು ಸಲ ಎದ್ದು ಮಲಗುತ್ತದೆ. ಎಂಬತ್ತೇಳರಲ್ಲಿ ಮೊದಲಿಂದ ಕೊನೆಯವರೆಗೆ ಎದ್ದೇ ಇದೆ. ಅಲ್ಲಿ ಯಾರೋ ಮಾತಾಡಿದ್ದಾರೆ. ಸದ್ದು ತೆಗೆಯುತ್ತೇನೆ ಎಂದವಳು ನೀನು. ನಾನು ಒಪ್ಪದಿದ್ದಾಗ ಚಿತ್ರ ಅಲುಗಿದೆ ಎಂದವಳೂ ನೀನು.

ಮೂವತ್ತೊಂದು ವರ್ಷ ಮಕ್ಕಳ ಸುಳ್ಳು ಹಿಡಿದವಳು ನಾನು. ಅಲ್ಲಿರುವುದನ್ನು ಬರೆದು ಕಳಿಸು. ಒಳ್ಳೆಯದೋ ಕೆಟ್ಟದ್ದೋ, ಅದನ್ನು ತೂಗುವ ಕೆಲಸ ನನಗೆ ಬಿಡು.

ಗಿರಿಜಾಂಬಾ


ಕಾರವಾರ
೨೦ ಫೆಬ್ರವರಿ ೨೦೨೫

ಪೂಜ್ಯ ಮೇಡಂ ಅವರಿಗೆ,

ಚಿತ್ರ ಅಲುಗಿಲ್ಲ, ನಾನು ಸುಳ್ಳು ಹೇಳಿದೆ. ಬ್ರೌಸರುಗಳ ಬಗ್ಗೆ ಬರೆದದ್ದೆಲ್ಲ ನಿಜ. ಆ ನಿಜವನ್ನು ನಿಮ್ಮಿಂದ ಇದನ್ನು ಮರೆಮಾಡಲು ಬಳಸಿಕೊಂಡೆ. ನಾನು ಇದನ್ನು ಕೇಳಿಸಿಕೊಂಡದ್ದು ನಾಲ್ಕನೇ ತಾರೀಖು, ಶುಕ್ರವಾರಕ್ಕೆ ಮೊದಲೇ. ಅವತ್ತೇ ನಿಮಗೊಂದು ಪತ್ರ ಬರೆದು, ಅರ್ಧಕ್ಕೆ ನಿಲ್ಲಿಸಿ, ಇಟ್ಟುಕೊಂಡೆ. ನೊಂದುಕೊಳ್ಳುತ್ತೀರಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನಿಮ್ಮ ಮನೆಯ ಜಗಳಕ್ಕೆ ನಾನು ಕಾರಣವಾಗುವುದು ನನಗೆ ಬೇಕಿರಲಿಲ್ಲ. ಕಡಕೊಳದ ಒಬ್ಬಟ್ಟಿನ ವಿಷಯ ಓದಿದಾಗ ನನಗೆ ನಾಚಿಕೆಯಾಯಿತು. ಕ್ಷಮೆ ಕೇಳುತ್ತೇನೆ.

ಆ ಮನೆಯಲ್ಲಿ ಫೋನು ನಿಮ್ಮ ಸನ್ನೆ ಹಿಡಿಯುವುದಕ್ಕಷ್ಟೇ ಬಳಕೆಯಾದದ್ದರಿಂದ, ಅದಕ್ಕೂ ಕಿವಿ ಇದೆ ಎಂಬುದು ಅವರಿಗೆ ಮರೆತುಹೋಗಿರಬೇಕು. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿದ್ದೇನೆ.

೦:೦೧ ನಿಶ್ಚಿತಾ: ಏಳನೇ ತಾರೀಖು ಶುಕ್ರವಾರ ಗಂಡಿನೋರು ಬರೋ ಮುಂಚೆ ಅತ್ತೇನ ಕಡಕೊಳಕ್ಕೆ ಬುಟ್ಟು ಬರ್ತೀನಿ. ಪುಟ್ಟಲಿಂಗಮ್ಮೋರ ಮನೇಲಿ ಪೂಜೆ ಅಂತ ಹೇಳ್ತೀನಿ.
೦:೦೯ ಸೋಮಮ್ಮ: ಅವರಿಗೆ ಆಮೇಲೆ ಗೊತ್ತಾದ್ರೆ?
೦:೧೨ ನಿಶ್ಚಿತಾ: ಒಪ್ಕೊಂಡ್ಮೇಲೆ ಗೊತ್ತಾದ್ರೆ ಆಗ್ಲಿ ಬುಡು. ಮೊದ್ಲೇ ನೋಡ್ಬುಟ್ರೆ, ನಾಳೆ ಹುಟ್ಟೋ ಮಕ್ಳೂ ಹಿಂಗೇ ಅಂತ ಎದ್ದು ಹೋಗ್ಬುಡ್ತಾರೆ.
೦:೨೩ ಸೋಮಮ್ಮ: ಮೆಲ್ಲಗೆ ಮಾತಾಡೇ.
೦:೨೬ ನಿಶ್ಚಿತಾ: ಪಾಪ, ಅತ್ತೆಗೆಲ್ಲಿ ಕೇಳಿಸುತ್ತೆ. ನಾವು ನಕ್ಕರೆ ಅವರೂ ನಗ್ತಾರೆ, ಅಷ್ಟೇ ಕಣಮ್ಮ.
೦:೩೨ (ಇಬ್ಬರೂ ನಗುತ್ತಾರೆ)
೦:೩೬ ನಿಶ್ಚಿತಾ: ಉಪ್ಪು.

ನಿಮ್ಮ ತಮ್ಮನ ಹೆಂಡತಿಯ ಹೆಸರು ಸೋಮಮ್ಮ ಎಂದು ಅಮ್ಮನನ್ನು ಕೇಳಿ ತಿಳಿದುಕೊಂಡೆ. ಅಮ್ಮನಿಗೆ ಬೇರೇನೂ ಹೇಳಿಲ್ಲ.

ಗಾರ್ಗಿ


ಕುವೆಂಪುನಗರ
೨೧ ಫೆಬ್ರವರಿ ೨೦೨೫

ತಲುಪಿತು.

ಗಿರಿಜಾಂಬಾ


ಕಾರವಾರ
೨೮ ಫೆಬ್ರವರಿ ೨೦೨೫

ಪೂಜ್ಯ ಮೇಡಂ ಅವರಿಗೆ ನಮಸ್ಕಾರಗಳು.

ವಾರವಾಯಿತು, ನಿಮ್ಮ ಪತ್ರವಿಲ್ಲ. ಶಾಲೆಯ ಕಂಪ್ಯೂಟರಿನಲ್ಲಿ ಎಲ್ಲ ವಿಡಿಯೊಗಳೂ ಸರಿಯಾಗಿ ಬಂದವೆಂದು ರುದ್ರಸ್ವಾಮಿಯವರು ಬರೆದಿದ್ದಾರೆ. ಎಂಬತ್ತೇಳನ್ನು ಪುಟದಲ್ಲಿ ಹಾಕಿಲ್ಲ. ಇಪ್ಪತ್ತರ ಪತ್ರದ ಜೊತೆ ಕಳಿಸಿದ, ನಿಮಗೊಬ್ಬರಿಗೇ ತೆರೆಯುವ ಕೊಂಡಿಯಲ್ಲಿ ಅಕ್ಷರ ಸಮೇತ ಹಾಗೇ ಇದೆ. ಅದನ್ನು ಏನು ಮಾಡಬೇಕೆಂದು ನೀವು ಹೇಳಿದ ಹಾಗೆ ಮಾಡುತ್ತೇನೆ.

ನೀವು ಹೇಗಿದ್ದೀರಿ ಎಂದು ಕೇಳುವ ಧೈರ್ಯ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಗಾರ್ಗಿ


ಕುವೆಂಪುನಗರ
೬ ಮಾರ್ಚ್ ೨೦೨೫

ಚಿ. ಗಾರ್ಗಿಗೆ ಆಶೀರ್ವಾದಗಳು.

ತಡವಾಯಿತು. ಮೊದಲ ಎರಡು ದಿನ ನನಗೆ ಏನೂ ಬರೆಯಲಾಗಲಿಲ್ಲ. ಹಿಂದಿನಿಂದ ಆಡಿದ ಮಾತು ಕಿವಿಗೆ ಬೀಳುವುದು ಎಂದು ನೀವೆಲ್ಲ ಹೇಳುತ್ತೀರಲ್ಲ, ಅದು ಹೇಗಿರುತ್ತದೆಂದು ನನಗೆ ಅರವತ್ತೊಂದನೇ ವಯಸ್ಸಿಗೆ ಗೊತ್ತಾಯಿತು. ಚೆನ್ನಾಗಿಲ್ಲ. ನನಗೆ ಹೆಚ್ಚು ನೋವಾದದ್ದು ಕಡಕೊಳದಿಂದಲ್ಲ, ‘ಪಾಪ’ ಎಂಬ ಆ ಒಂದು ಮಾತಿನಿಂದ. ಅವಳು ನನ್ನೊಡನೆ ಆಡುವ ಸನ್ನೆಯಲ್ಲಿ ಆ ಮಾತು ಯಾವತ್ತೂ ಬಂದಿರಲಿಲ್ಲ.

ಮೂರನೇ ದಿನ ಮಧ್ಯಾಹ್ನ ನಿಶ್ಚಿತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊಂಡಿ ತೆರೆದೆ. ಅವಳು ಮೊದಲು ನನ್ನ ಕೈ ನೋಡುತ್ತಿದ್ದಳು, ಆಮೇಲೆ ಕಣ್ಣು ಕೆಳಗಿನ ಅಕ್ಷರಕ್ಕೆ ಇಳಿಯಿತು. ಮುಗಿದ ಮೇಲೆ ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ, ಅವರು ಆಡುವುದನ್ನೆಲ್ಲ ನೀನು ನನಗೆ ಹೇಳಬೇಕು, ನಾನು ಆಡುವುದನ್ನು ಅವರಿಗೆ ಹೇಳಬೇಕು ಎಂದೆ. ತಲೆಯಾಡಿಸಿದಳು. ಶಿವಕುಮಾರನಿಗೂ ಸೋಮಮ್ಮನಿಗೂ ಅವಳೇ ಹೇಳಿದಳು. ಶಿವಕುಮಾರ ಎರಡು ದಿನ ನನ್ನ ಎದುರಿಗೆ ಊಟಕ್ಕೆ ಕೂರಲಿಲ್ಲ.

ಭಾನುವಾರ ಐದು ಜನ ಬಂದರು. ನಾನು ಹಜಾರದಲ್ಲಿ ಎಲ್ಲರ ಜೊತೆ ಕೂತೆ. ನಿಶ್ಚಿತಾ ಕಾಫಿ ಕೊಟ್ಟವಳು ಒಳಗೆ ಹೋಗದೆ ನನಗೆದುರಾಗಿ ಕೂತು ಒಂದೊಂದು ಮಾತನ್ನೂ ಸನ್ನೆಯಲ್ಲಿ ಹೇಳಿದಳು. ಮದುವೆಗೆ ನೋಡುತ್ತಿರುವ ಹುಡುಗಿ ಹಾಗೆ ಕೈಯಾಡಿಸುತ್ತಾ ಕೂತದ್ದನ್ನು ಅವರು ಬೆರಗಿನಿಂದ ನೋಡುತ್ತಿದ್ದರು. ಹುಡುಗ ಒಳ್ಳೆಯವನ ಹಾಗೆ ಕಾಣುತ್ತಾನೆ. ನಮಸ್ಕಾರಕ್ಕೆ ಯಾವ ಸನ್ನೆ ಎಂದು ಕೇಳಿ ನನಗೆ ಮಾಡಿದ.

ಆಮೇಲೆ ಹುಡುಗನ ತಾಯಿ ನನ್ನ ಕಡೆ ನೋಡಿ ಏನೋ ಕೇಳಿದರು. ನಿಶ್ಚಿತಾಳ ಕೈ ಮೇಲೆ ಬಂದು ನಿಂತುಬಿಟ್ಟಿತು. ನಾನು ಅವಳನ್ನೇ ನೋಡುತ್ತಿದ್ದೆ. ಎಲ್ಲಿ ಏನಿಲ್ಲ ಎಂದು ಕೈಯಾಡಿಸುತ್ತಾಳೋ ಎಂದು ಹೆದರಿದ್ದೆ. ಅವಳು ಪೂರ್ತಿ ಹೇಳಿದಳು. ‘ಇದು ಇವರಿಗೆ ಹುಟ್ಟಿನಿಂದ ಬಂದದ್ದೋ ಆಮೇಲೆ ಬಂದದ್ದೋ, ವಂಶದಲ್ಲಿ ಬೇರೆ ಯಾರಿಗಾದರೂ ಇತ್ತೋ ಎಂದು ಕೇಳುತ್ತಿದ್ದಾರೆ.’

ಹುಟ್ಟಿನಿಂದ, ನಮ್ಮ ದೊಡ್ಡಪ್ಪನಿಗೂ ಕೇಳಿಸುತ್ತಿರಲಿಲ್ಲ ಎಂದೆ. ಅವಳು ಬಾಯಿಬಿಟ್ಟು ಹೇಳಿದಳು. ಹೇಳಿದ್ದು ಬಹಳ ಚಿಕ್ಕದಾಗಿತ್ತು. ಕೇಳಿದ ಕೂಡಲೇ ಹುಡುಗನ ತಾಯಿಯ ಮುಖ ಸಡಿಲವಾಯಿತು, ಸೋಮಮ್ಮ ಒಬ್ಬಟ್ಟಿನ ತಟ್ಟೆ ಮುಂದೆ ಸರಿಸಿದಳು. ನನಗೆ ಅನುಮಾನ ಬಂತು. ಏನು ಹೇಳಿದೆ ಎಂದು ಕೇಳಿದೆ. ಎಲ್ಲರ ಎದುರಿಗೇ, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಅವಳು ಉತ್ತರಿಸಿದಳು.

‘ಚಿಕ್ಕಂದಿನಲ್ಲಿ ಜ್ವರ ಬಂದು ಹೋಯಿತು ಅಂದೆ ಅತ್ತೆ.’

ಅವರಿಗೆ ಸುಳ್ಳು ಹೇಳಿದಳು, ಆದರೆ ಹೇಳಿದ ಸುಳ್ಳನ್ನು ನನಗೆ ಮುಚ್ಚಿಡಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಇದ್ದಿದ್ದರೆ ಅವತ್ತೇ ತಾಂಬೂಲ ಬದಲಾಗುತ್ತಿತ್ತೋ ಏನೋ. ಆದರೆ ಆ ಮನೆಗೆ ಹೋದ ಮೇಲೆ ಅವಳು ಆ ಜ್ವರದ ಸುಳ್ಳನ್ನು ಎಷ್ಟು ವರ್ಷ ಕಾಪಾಡಬೇಕಾಗುತ್ತದೆ ಎಂದು ಯೋಚಿಸಿದೆ. ನಾನು ಅವರ ಮನೆಯ ಬಾಗಿಲಿಗೆ ಹೋದಾಗಲೆಲ್ಲ ಅದೇ ಜ್ವರದವಳಾಗಿ ಹೋಗಬೇಕು. ನನ್ನ ಹತ್ತಿರ ಸದಾ ಒಂದು ಸಣ್ಣ ನೋಟ್‌ಬುಕ್ ಇರುತ್ತದೆ. ‘ಜ್ವರವಲ್ಲ. ಹುಟ್ಟಿನಿಂದ. ನಮ್ಮ ದೊಡ್ಡಪ್ಪನಿಗೂ ಹಾಗೇ ಇತ್ತು. ನಿಶ್ಚಿತಾ ನನ್ನ ಮೇಲಿನ ಪ್ರೀತಿಗೆ ಮತ್ತು ನಿಮ್ಮ ಮೇಲಿನ ಹೆದರಿಕೆಗೆ ಹಾಗೆ ಹೇಳಿದಳು’ ಎಂದು ಬರೆದು ಹುಡುಗನ ತಾಯಿಯ ಕೈಗೆ ಕೊಟ್ಟೆ. ಅವರು ಓದಿ ಗಂಡನಿಗೆ ಕೊಟ್ಟರು, ಗಂಡ ಮಗನಿಗೆ ಕೊಟ್ಟರು. ಕಾಫಿ ಮುಗಿಸಿ, ಹೇಳಿಕಳಿಸುತ್ತೇವೆ ಎಂದು ಎದ್ದರು. ಅದನ್ನೂ ನಿಶ್ಚಿತಾ ನನಗೆ ಹೇಳಿದಳು.

ಇವತ್ತು ನಾಲ್ಕು ದಿನ. ಅಲ್ಲಿಂದ ಸುದ್ದಿ ಇಲ್ಲ. ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ಹಳೆಯ ಎಂಬತ್ತೇಳನ್ನು ತೆಗೆದುಹಾಕು. ಹೊಸದನ್ನು ನಿನ್ನೆ ಚಿತ್ರಿಸಿದ್ದೇವೆ, ಇದರ ಜೊತೆ ಇದೆ. ಕೋಪದಲ್ಲಿದ್ದರೂ ನಿಶ್ಚಿತಾ ಚಿತ್ರ ನೆಟ್ಟಗೆ ತೆಗೆದಿದ್ದಾಳೆ. ಹತ್ತನೇ ತಾರೀಖಿಗೆ ಕಾರವಾರದಿಂದ ಬರಲಾದರೆ ಬಾ. ನಿನ್ನ ಮೇಲೆ ನನಗೆ ಸಿಟ್ಟಿತ್ತು, ಈಗ ಅದು ಇಳಿದಿದೆ.

ಹೌದು, ನಿಶ್ಚಿತಾಗೆ ನನ್ನ ಮೇಲೆ ವಿಪರೀತ ಕೋಪ. ಭಾನುವಾರದಿಂದ ಬೈಯುತ್ತಿದ್ದಾಳೆ. ಅದು ನನ್ನ ಮದುವೆ, ನಿಮ್ಮ ಪಾಠವಲ್ಲ, ಬರೆಯುವ ಮೊದಲು ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎನ್ನುತ್ತಾಳೆ. ಅವಳು ಹೇಳುವುದರಲ್ಲಿ ಅರ್ಧ ನಿಜವಿದೆ, ಅದು ನನ್ನನ್ನು ಕೊರೆಯುತ್ತಿದೆ. ಇವತ್ತು ಬೆಳಿಗ್ಗೆ ತಾರಸಿಯ ಮೇಲೆ ಬಟ್ಟೆ ಹರವುತ್ತಾ, ಕ್ಲಿಪ್ಪುಗಳನ್ನು ಬಾಯಲ್ಲಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಬೈದಳು. ಈ ಮನೆಯಲ್ಲಿ ನನ್ನ ಮೇಲೆ ಸಿಟ್ಟು ಬಂದವರೆಲ್ಲ ಇಷ್ಟು ವರ್ಷ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೈದಿದ್ದಾರೆ. ನನ್ನ ಮುಖ ನೋಡಿ, ಒಂದು ಮಾತೂ ಉಳಿಸದೆ, ನನಗೆ ಅರ್ಥವಾಗುವ ಹಾಗೆ ಬೈದವಳು ಇವಳೊಬ್ಬಳೇ. ನಾನೂ ಬಿಡಲಿಲ್ಲ, ಬಕೆಟ್ಟು ಕೆಳಗಿಟ್ಟು ತಿರುಗಿ ಬೈದೆ.

ಗಿರಿಜಾಂಬಾ